ಮೊಲದ ಬಾಲದ ಕೆಳಗೆ ಅಂಟುವ ಗಲೀಜು: ಶಾಂಪೂಗಿಂತ ಮೊದಲು ಊಟದ ಬಟ್ಟಲು ನೋಡಿ

ಪ್ರಶ್ನೆ: ನಮ್ಮ ಮನೆಯ ಹೆಣ್ಣು ಮೊಲಕ್ಕೆ ನಾಲ್ಕು ವರ್ಷ. ಎರಡು ವರ್ಷದ ಹಿಂದೆ 2.2 ಕೆಜಿ ಇತ್ತು, ಈಗ 2.8 ಕೆಜಿ. ಮೂರು ತಿಂಗಳಿಂದ ಬಾಲದ ಕೆಳಗೆ ಕಪ್ಪಗೆ, ಅಂಟಂಟಾಗಿ ಗಲೀಜು ಮೆತ್ತಿಕೊಳ್ಳುತ್ತಿದೆ, ವಿಪರೀತ ವಾಸನೆ. ಹಿಂಗಾಲಿನ ಪಾದಗಳು ಹಳದಿಯಾಗಿ ಸದಾ ಒದ್ದೆ. ವಾರಕ್ಕೊಮ್ಮೆ ಮಕ್ಕಳ ಶಾಂಪೂ ಹಾಕಿ ಸ್ನಾನ ಮಾಡಿಸುತ್ತೇವೆ. ಎರಡು ದಿನ ಚೊಕ್ಕಟ, ಮೂರನೇ ದಿನ ಮತ್ತೆ ಅದೇ. ಕಾಳು, ಬಣ್ಣದ ಚೂರು, ಪೆಲೆಟ್ (ಒತ್ತಿ ಮಾಡಿದ ಒಣ ಆಹಾರದ ಗುಳಿಗೆ) ಬೆರೆಸಿದ ಆಹಾರ ಬಟ್ಟಲು ತುಂಬ ಯಾವಾಗಲೂ ಇರುತ್ತದೆ. ಜೊತೆಗೆ ಕ್ಯಾರೆಟ್, ಬಾಳೆಹಣ್ಣು, ಒಮ್ಮೊಮ್ಮೆ ಬಿಸ್ಕತ್ತು. ಒಣಹುಲ್ಲು ಹಾಕಿದರೆ ಮೂಸಿ ಬಿಟ್ಟುಬಿಡುತ್ತದೆ. ಪರಿಚಯದವರೊಬ್ಬರು ‘ಇದು ಭೇದಿ, ನಿಲ್ಲುವ ಮಾತ್ರೆ ಕೊಡಿ’ ಅಂದರು. ಇನ್ನೊಬ್ಬರು ‘ಪೆಲೆಟ್ ಇವತ್ತೇ ನಿಲ್ಲಿಸಿ, ಹಸಿವಾದರೆ ಹುಲ್ಲು ತಾನೇ ತಿನ್ನುತ್ತದೆ’ ಅಂದರು. ಯಾರ ಮಾತು ಕೇಳಬೇಕು? ಎಷ್ಟು ದಿನಕ್ಕೊಮ್ಮೆ ಸ್ನಾನ ಮಾಡಿಸಬೇಕು, ಯಾವ ಶಾಂಪೂ ಒಳ್ಳೆಯದು?

ಉತ್ತರ: ಇಬ್ಬರ ಮಾತೂ ಬೇಡ. ಭೇದಿ ನಿಲ್ಲಿಸುವ ಮಾತ್ರೆ ಕೊಡಬೇಡಿ, ಪೆಲೆಟ್ ಒಂದೇ ದಿನಕ್ಕೆ ನಿಲ್ಲಿಸಲೂ ಬೇಡಿ. ಎರಡೂ ಮೊಲದ ಜೀವಕ್ಕೇ ಸಂಚಕಾರ ತರಬಲ್ಲವು. ವಾರದ ಸ್ನಾನವನ್ನೂ ಇಂದೇ ಬಿಡಿ.

ನಿಮ್ಮ ಚಿಂತೆ ಇರುವುದು ವಾಸನೆ ಮತ್ತು ಗಲೀಜಿನ ಬಗ್ಗೆ. ಆದರೆ ಮೊಲ ತನ್ನನ್ನು ತಾನೇ ನೆಕ್ಕಿ ಚೊಕ್ಕಟವಾಗಿ ಇಟ್ಟುಕೊಳ್ಳುವ ಪ್ರಾಣಿ. ಅದರ ಹಿಂಭಾಗ ಕೊಳಕಾಗಿದೆ ಎಂದರೆ ಎರಡರಲ್ಲಿ ಒಂದಾಗಿರುತ್ತದೆ: ಒಳಗಿನಿಂದ ಬರುತ್ತಿರುವುದರ ಹದ ಕೆಟ್ಟಿದೆ, ಇಲ್ಲವೇ ಬಾಯಿ ಅಲ್ಲಿಗೆ ತಲುಪುತ್ತಿಲ್ಲ. ನೀವು ಬರೆದಿರುವುದನ್ನು ನೋಡಿದರೆ ನಿಮ್ಮ ಮೊಲಕ್ಕೆ ಎರಡೂ ಆಗಿರುವಂತಿದೆ.

ಅದು ಭೇದಿಯೇ?

ಬಹುಶಃ ಅಲ್ಲ. ಮೊಲ ಎರಡು ಬಗೆಯ ಹಿಕ್ಕೆ ಹಾಕುತ್ತದೆ. ನಮಗೆ ದಿನವೂ ಕಾಣುವುದು ಗುಂಡಗೆ, ಒಣಗಿದ, ಕಂದು ಬಣ್ಣದ ಗಟ್ಟಿ ಹಿಕ್ಕೆ. ಬೆರಳ ನಡುವೆ ಹಿಸುಕಿದರೆ ಹುಲ್ಲಿನ ಪುಡಿಯಾಗಿ ಉದುರುತ್ತದೆ, ಹೆಚ್ಚು ವಾಸನೆಯೂ ಇರುವುದಿಲ್ಲ. ಇನ್ನೊಂದು ಮೆದು ಹಿಕ್ಕೆ: ಕಪ್ಪಗೆ, ಹೊಳೆಯುತ್ತಾ, ಪುಟ್ಟ ದ್ರಾಕ್ಷಿ ಗೊಂಚಲಿನಂತೆ ಒಂದಕ್ಕೊಂದು ಅಂಟಿಕೊಂಡಿರುತ್ತದೆ, ಘಾಟು ವಾಸನೆ. ಇದು ಮಲವೆಂದು ಎಸೆಯುವ ವಸ್ತುವಲ್ಲ, ಮೊಲದ ಆಹಾರ. ಸೀಕಮ್ ಎಂಬ ದೊಡ್ಡ ಚೀಲದಂಥ ಕರುಳಿನಲ್ಲಿ ಸೂಕ್ಷ್ಮಜೀವಿಗಳು ಹುದುಗಿಸಿ ತಯಾರಿಸಿದ್ದು. ಅದರಲ್ಲಿ ಬಿ ಗುಂಪಿನ ವಿಟಮಿನ್‌ಗಳು, ವಿಟಮಿನ್ ಕೆ, ಪ್ರೋಟೀನ್ ಎಲ್ಲ ಇರುತ್ತವೆ. ಮೊಲ ಬಗ್ಗಿ ಗುದದಿಂದಲೇ ನೇರವಾಗಿ ಬಾಯಿಗೆ ತೆಗೆದುಕೊಂಡು, ಅಗಿಯದೆ ನುಂಗುತ್ತದೆ. ಹಾಗಾಗಿ ಆರೋಗ್ಯವಾಗಿರುವ ಮೊಲದ ಮನೆಯವರು ಮೆದು ಹಿಕ್ಕೆಯನ್ನು ಕಾಣುವುದೇ ಅಪರೂಪ. ಕಂಡಾಗ ‘ಭೇದಿ’ ಎಂದು ಗಾಬರಿಯಾಗುವುದು ಸಹಜ.

ಬೆಳಿಗ್ಗೆ ಮಲದ ತಟ್ಟೆಯಲ್ಲಿ ಸಿಕ್ಕಿದ್ದನ್ನೆಲ್ಲ ಒಂದು ಬಿಳಿ ಹಾಳೆಯ ಮೇಲೆ ಹರಡಿ ನೋಡಿ. ಗಟ್ಟಿ ಹಿಕ್ಕೆಯೂ ಇದ್ದು, ಜೊತೆಗೆ ಅಲ್ಲಲ್ಲಿ ಗೊಂಚಲುಗಳು ಬಿದ್ದಿದ್ದರೆ, ತಯಾರಿ ಸರಿಯಾಗಿಯೇ ಇದೆ, ಮೊಲ ತಿನ್ನುತ್ತಿಲ್ಲ. ಗಟ್ಟಿ ಹಿಕ್ಕೆ ಇದ್ದು, ಮೆದುವಾದದ್ದು ಗೊಂಚಲಿನ ಆಕಾರ ಕಳೆದುಕೊಂಡು ಟೂತ್‌ಪೇಸ್ಟಿನಂತೆ ಬಳಿದಿದ್ದರೆ, ಸೀಕಮ್ ಒಳಗಿನ ಸೂಕ್ಷ್ಮಜೀವಿಗಳ ಸಮತೋಲ ತಪ್ಪಿದೆ. ಗಟ್ಟಿ ಹಿಕ್ಕೆ ಒಂದೂ ಇಲ್ಲದೆ ಎಲ್ಲವೂ ನೀರಾಗಿ ಹೋಗುತ್ತಿದ್ದರೆ ಮಾತ್ರ ಅದು ನಿಜವಾದ ಭೇದಿ. ವಯಸ್ಕ ಮೊಲದಲ್ಲಿ ಅದು ಅಪರೂಪ, ಆದರೆ ಬಂದರೆ ಅದೇ ದಿನ ಪಶುವೈದ್ಯರ ಮುಂದಿರಬೇಕು. ಮೂರು ತಿಂಗಳು ನಿಜವಾದ ಭೇದಿ ಇದ್ದಿದ್ದರೆ ನಿಮ್ಮ ಮೊಲ 600 ಗ್ರಾಂ ಹೆಚ್ಚಿಕೊಂಡು ಕೂತಿರುತ್ತಿರಲಿಲ್ಲ.

ಭೇದಿ ನಿಲ್ಲಿಸುವ ಮಾತ್ರೆ ಮಾಡುವುದು ಕರುಳಿನ ಚಲನೆಯನ್ನು ತಗ್ಗಿಸುವ ಕೆಲಸ. ಮೊಲದ ಕರುಳು ನಿಂತರೆ ಮೊಲವೇ ನಿಂತಂತೆ. ಮನೆಯಲ್ಲಿರುವ ಆ್ಯಂಟಿಬಯಾಟಿಕ್ ಅಂತೂ ಕೊಡಲೇಬೇಡಿ: ಅಮಾಕ್ಸಿಸಿಲಿನ್, ಕ್ಲಿಂಡಾಮೈಸಿನ್ ಬಾಯಿಯ ಮೂಲಕ ಹೋದರೆ ಒಳ್ಳೆಯ ಸೂಕ್ಷ್ಮಜೀವಿಗಳು ಸತ್ತು, ವಿಷ ಉಗುಳುವ ಕ್ಲಾಸ್ಟ್ರಿಡಿಯಂ ಎಂಬ ಬ್ಯಾಕ್ಟೀರಿಯಾ ಬೆಳೆದು ಮೊಲ ಸಾಯಬಹುದು. ಮೊಸರಿನಿಂದಲೂ ಉಪಯೋಗವಿಲ್ಲ, ಹಾಲಿನ ಪದಾರ್ಥ ವಯಸ್ಕ ಮೊಲದ ಹೊಟ್ಟೆಗೆ ಹೊಂದುವುದಿಲ್ಲ. ಇನ್ನೊಂದು ಮಾತು: ಹಿಕ್ಕೆ ಪರೀಕ್ಷೆಯ ವರದಿಯಲ್ಲಿ ‘ಯೀಸ್ಟ್ ಇದೆ’ ಎಂದು ಬಂದರೆ ಅದಕ್ಕೇ ಔಷಧಿ ಶುರುಮಾಡಿಸಬೇಡಿ. ಸೈನಿಕ್ಲೊಮೈಸಿಸ್ ಎಂಬ ಯೀಸ್ಟ್ ಮೊಲದ ಕರುಳಿನಲ್ಲಿ ಸಹಜವಾಗಿಯೇ ಇರುತ್ತದೆ.

ಗಲೀಜು ಎಲ್ಲಿಂದ ಶುರುವಾಗುತ್ತದೆ

ಮೊಲ ತಿಂದದ್ದು ಕರುಳಿನಲ್ಲಿ ಎರಡು ದಾರಿ ಹಿಡಿಯುತ್ತದೆ. ಹುಲ್ಲಿನ ಒರಟು ನಾರು ಬೇಗ ಬೇಗ ಮುಂದಕ್ಕೆ ಸಾಗಿ ಗಟ್ಟಿ ಹಿಕ್ಕೆಯಾಗಿ ಹೊರಬೀಳುತ್ತದೆ. ನುಣುಪಾದ ಕಣಗಳು ಮತ್ತು ರಸ ಹಿಂದಕ್ಕೆ ತಿರುಗಿ ಸೀಕಮ್ ಸೇರುತ್ತವೆ. ಒರಟು ನಾರಿನಿಂದ ಮೊಲಕ್ಕೆ ಸಿಗುವ ಪೋಷಣೆ ಕಡಿಮೆ, ಆದರೆ ಇಡೀ ಯಂತ್ರವನ್ನು ತಳ್ಳುವುದು ಅದೇ. ನಾರು ಕಡಿಮೆಯಾದಾಗ ಕರುಳು ನಿಧಾನವಾಗುತ್ತದೆ. ಅದರ ಮೇಲೆ ಕಾಳು, ಬಿಸ್ಕತ್ತಿನ ಪಿಷ್ಟ, ಬಾಳೆಹಣ್ಣಿನ ಸಕ್ಕರೆ ಸೀಕಮ್‌ಗೆ ಇಳಿದರೆ ಅಲ್ಲಿ ಬೇರೆಯೇ ಜಾತಿಯ ಸೂಕ್ಷ್ಮಜೀವಿಗಳು ಮೇಲುಗೈ ಪಡೆಯುತ್ತವೆ. ಮೆದು ಹಿಕ್ಕೆ ಅಂಟಾಗುವುದು, ದುರ್ನಾತ ಬೀರುವುದು ಅದರಿಂದ.

ನೀವು ಕೊಡುತ್ತಿರುವ ಬೆರಕೆ ಆಹಾರದಲ್ಲಿ ಇನ್ನೊಂದು ತೊಡಕಿದೆ. ಮೊಲ ಅದರಲ್ಲಿ ರುಚಿಯಾದ ಕಾಳನ್ನೂ ಬಣ್ಣದ ಚೂರನ್ನೂ ಆಯ್ದು ತಿಂದು, ನಾರಿರುವ ಪೆಲೆಟ್ಟನ್ನು ಬಟ್ಟಲಲ್ಲೇ ಉಳಿಸುತ್ತದೆ. ಚೀಟಿಯಲ್ಲಿ ಎಷ್ಟು ನಾರು ಅಂತ ಬರೆದಿದ್ದರೇನು, ಹೊಟ್ಟೆಗೆ ಹೋಗಿದ್ದು ಬೇರೆ. ಬಟ್ಟಲು ಖಾಲಿಯಾಯಿತೆಂದು ನೀವು ಮತ್ತೆ ತುಂಬುತ್ತೀರಿ. ಹೊಟ್ಟೆ ತುಂಬಿದ ಮೊಲಕ್ಕೆ ಒಣಹುಲ್ಲು ಯಾಕೆ ಬೇಕು? ಇಷ್ಟು ಪ್ರೋಟೀನ್ ಸಿಕ್ಕ ಮೇಲೆ ತನ್ನ ಮೆದು ಹಿಕ್ಕೆಯೂ ಬೇಕೆನಿಸುವುದಿಲ್ಲ.

ಇನ್ನು ತಲುಪುವ ವಿಚಾರ. 2.2 ಕೆಜಿಯ ಮೊಲಕ್ಕೆ 600 ಗ್ರಾಂ ಎಂದರೆ ಕಾಲುಭಾಗಕ್ಕಿಂತ ಹೆಚ್ಚಿನ ಬೊಜ್ಜು. ಹೊಟ್ಟೆ ದಪ್ಪಗಾದರೆ, ಕುತ್ತಿಗೆಯ ಕೆಳಗೆ ಗಂಗೆದೊಗಲು ಜೋತರೆ, ಬಾಯಿ ಹಿಂದಕ್ಕೆ ಹೋಗುವುದಿಲ್ಲ. ಆದರೆ ಬೊಜ್ಜೊಂದೇ ಕಾರಣ ಅಂದುಕೊಂಡು ಸುಮ್ಮನಾಗಬೇಡಿ. ಬೆನ್ನುಮೂಳೆ ಅಥವಾ ಸೊಂಟದ ಕೀಲು ನೋಯುತ್ತಿದ್ದರೂ ಮೊಲ ಬಗ್ಗುವುದಿಲ್ಲ. ದವಡೆ ಹಲ್ಲು ಮುಳ್ಳಾಗಿ ನಾಲಿಗೆಗೆ ಚುಚ್ಚುತ್ತಿದ್ದರೂ ನೆಕ್ಕುವುದನ್ನು ಬಿಡುತ್ತದೆ. ಮೊಲದ ಹಲ್ಲು ಬದುಕಿರುವವರೆಗೂ ಬೆಳೆಯುತ್ತಲೇ ಇರುತ್ತದೆ. ಬಾಚಿಹಲ್ಲು ವಾರಕ್ಕೆ ಸುಮಾರು 2 ಮಿಲಿಮೀಟರ್. ಒಣಹುಲ್ಲನ್ನು ಅಡ್ಡಡ್ಡ ಅರೆದು ತಿಂದಾಗಲೇ ದವಡೆ ಹಲ್ಲು ಸಮವಾಗಿ ಸವೆಯುವುದು. ಗಟ್ಟಿ ಪೆಲೆಟ್ ಕಡಿದರೆ ಹಲ್ಲು ಸವೆಯುತ್ತದೆ ಎಂಬ ನಂಬಿಕೆ ತಪ್ಪು. ಅದು ಎರಡು ಅಗಿತಕ್ಕೆ ಪುಡಿಯಾಗಿಬಿಡುತ್ತದೆ. ಮುಂದಿನ ಹಲ್ಲು ಚೆನ್ನಾಗಿ ಕಂಡರೆ ಹಿಂದಿನವೂ ಚೆನ್ನಾಗಿವೆ ಎಂದಲ್ಲ.

ಹಳದಿ ಪಾದ ನನಗೆ ಮೆದು ಹಿಕ್ಕೆಗಿಂತ ಹೆಚ್ಚು ಚಿಂತೆ ಹುಟ್ಟಿಸುತ್ತದೆ. ಅದು ಮೂತ್ರ. ತಟ್ಟೆ ಸದಾ ಒದ್ದೆ ಇರುವುದರಿಂದ ಆಗಿರಬಹುದು. ನೋವಿನಿಂದ ಮೊಲ ಹಿಂಭಾಗ ಎತ್ತಿ ಮೂತ್ರ ಮಾಡಲಾಗದೆ ಕಾಲ ಮೇಲೇ ಹರಿಸುತ್ತಿರಬಹುದು. ಮೂತ್ರಕೋಶದಲ್ಲಿ ಸುಣ್ಣದಂಥ ಗಸಿ ಕಟ್ಟಿರಬಹುದು. ಮೊಲದ ಕರುಳು ಆಹಾರದಲ್ಲಿರುವ ಕ್ಯಾಲ್ಸಿಯಂ ಅನ್ನು ಬೇಕೋ ಬೇಡವೋ ಬಹುಪಾಲು ಹೀರಿಕೊಂಡು, ಹೆಚ್ಚಾದದ್ದನ್ನು ಮೂತ್ರದಲ್ಲಿ ಹೊರಹಾಕುತ್ತದೆ. ಆದ್ದರಿಂದ ಮೂತ್ರ ಸ್ವಲ್ಪ ಕದಡಿರುವುದು ಸಹಜವೇ. ಬತ್ತಿದ ಮೇಲೆ ಮರಳಿನಂತೆ ಉಳಿದರೆ, ಟೂತ್‌ಪೇಸ್ಟಿನಂತೆ ದಪ್ಪವಾಗಿ ಬಂದರೆ ಸಹಜವಲ್ಲ. ಕಿತ್ತಳೆ, ಕೆಂಪು ಬಣ್ಣ ಕೆಲವೊಮ್ಮೆ ಸೊಪ್ಪಿನಿಂದಲೂ ಬರುತ್ತದೆ. ಆದರೆ ಸಂತಾನಹರಣ ಆಗದ ಹೆಣ್ಣು ಮೊಲಗಳಲ್ಲಿ ವಯಸ್ಸಾದಂತೆ ಗರ್ಭಕೋಶದ ಕ್ಯಾನ್ಸರ್ ಸಾಮಾನ್ಯ. ನಿಮ್ಮದಕ್ಕೆ ಆ ಶಸ್ತ್ರಚಿಕಿತ್ಸೆ ಆಗಿದೆಯೋ ಇಲ್ಲವೋ ಬರೆದಿಲ್ಲ. ಆಗಿರದಿದ್ದರೆ, ಕೆಂಪು ಕಂಡ ದಿನವೇ ತೋರಿಸಿ.

ಸ್ನಾನ ಯಾಕೆ ಬೇಡ

ಮೊಲದ ಒಳತುಪ್ಪಳ ಬಹಳ ದಟ್ಟ. ಮೇಲೆ ಒಣಗಿದಂತೆ ಕಂಡರೂ ಚರ್ಮದ ಹತ್ತಿರ ಗಂಟೆಗಟ್ಟಲೆ ಒದ್ದೆ ಇರುತ್ತದೆ. ಆ ತೇವದಲ್ಲಿ ಚರ್ಮ ಕೆಂಪಾಗಿ ಹುಣ್ಣಾಗುತ್ತದೆ, ಮೈ ತಣ್ಣಗಾಗುತ್ತದೆ. ಮೊಲದ ಸಹಜ ಉಷ್ಣತೆ 38.5ರಿಂದ 40 ಡಿಗ್ರಿ ಸೆಲ್ಸಿಯಸ್. 38ಕ್ಕಿಂತ ಕೆಳಗಿಳಿದರೆ ತುರ್ತು. ಭಯಗೊಂಡ ಮೊಲ ಹಿಂಗಾಲು ಝಾಡಿಸಿದರೆ ತನ್ನ ಬೆನ್ನುಮೂಳೆಯನ್ನೇ ಮುರಿದುಕೊಳ್ಳುವಷ್ಟು ಬಲ ಆ ಕಾಲಿಗಿದೆ. ಭಯದಿಂದ ಕರುಳಿನ ಚಲನೆಯೂ ನಿಲ್ಲುತ್ತದೆ. ಆದ್ದರಿಂದ ‘ಯಾವ ಶಾಂಪೂ’ ಎಂಬುದಕ್ಕೆ ಉತ್ತರ: ಯಾವುದೂ ಬೇಡ.

ಅಂಟಿದ್ದನ್ನು ಮಾತ್ರ ತೆಗೆಯಿರಿ. ಹೀಗೆ:

ನೆಲದ ಮೇಲೆ ಅಥವಾ ತಗ್ಗು ಮೇಜಿನ ಮೇಲೆ ಜಾರದಂತೆ ದಪ್ಪ ಟವೆಲ್ ಹಾಸಿ. ಒಬ್ಬರು ಮೊಲವನ್ನು ತಮ್ಮ ಹೊಟ್ಟೆಗೆ ಒರಗಿಸಿ, ಎದೆಯ ಕೆಳಗೊಂದು ಕೈ, ಪೃಷ್ಠದ ಕೆಳಗೊಂದು ಕೈ ಕೊಟ್ಟು ಹಿಡಿಯಲಿ. ಅಂಗಾತ ಮಲಗಿಸಬೇಡಿ. ಹಾಗೆ ಮಲಗಿಸಿದಾಗ ಮೊಲ ಅಲುಗದಿರುವುದು ನೆಮ್ಮದಿಯಿಂದಲ್ಲ, ಬೇಟೆಗಾರ ಪ್ರಾಣಿಯ ಬಾಯಿಗೆ ಸಿಕ್ಕಿಬಿದ್ದ ಭಯದಿಂದ.

ಒಣಗಿದ ಗಲೀಜಾದರೆ ನೀರು ಮುಟ್ಟಿಸುವುದೇ ಬೇಡ. ವಾಸನೆ ಸೇರಿಸದ ಕಾರ್ನ್‌ಫ್ಲೋರ್ ಎರಡು ಚಮಚ ಉದುರಿಸಿ, ಬೆರಳ ತುದಿಯಿಂದ ಬುಡದವರೆಗೆ ತಿಕ್ಕಿ. ಅಂಟು ಹೀರಿಕೊಂಡ ಮೇಲೆ ಉಂಡೆ ಬಿಡಿಬಿಡಿಯಾಗುತ್ತದೆ. ಒಂದು ಕೈಯಿಂದ ಚರ್ಮವನ್ನು ಒತ್ತಿ ಹಿಡಿದು, ಇನ್ನೊಂದು ಕೈಯಿಂದ ತುಪ್ಪಳದ ತುದಿಯಿಂದ ಶುರುಮಾಡಿ ಬಿಡಿಸಿ. ಬುಡದಿಂದ ಎಳೆದರೆ ಚರ್ಮವೇ ಹರಿಯುತ್ತದೆ, ಅಷ್ಟು ತೆಳು. ಮುಖಕ್ಕೆ ಹಚ್ಚುವ ಟಾಲ್ಕಂ ಪೌಡರ್ ಬಳಸಬೇಡಿ, ಅದು ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಕೆಲಸ ಮುಗಿದ ಮೇಲೆ ಉಳಿದ ಹಿಟ್ಟನ್ನು ಚೆನ್ನಾಗಿ ಕೊಡವಿ.

ಹಸಿಯಾಗಿ ಮೆತ್ತಿಕೊಂಡಿದ್ದರೆ ಉಗುರುಬೆಚ್ಚಗಿನ ನೀರಲ್ಲಿ ಅದ್ದಿದ ಹತ್ತಿಯನ್ನು ಅದರ ಮೇಲೆ ಮೂರ್ನಾಲ್ಕು ನಿಮಿಷ ಒತ್ತಿ ಹಿಡಿಯಿರಿ, ಉಂಡೆ ನೆನೆದು ತಾನೇ ಜಾರುತ್ತದೆ. ಅದಕ್ಕೂ ಬಗ್ಗದಿದ್ದರೆ ಮಾತ್ರ ಬೇಸಿನ್ನಿನ ತಳಕ್ಕೆ ಬಟ್ಟೆ ಹಾಸಿ, 3 ಸೆಂಟಿಮೀಟರ್ ಉಗುರುಬೆಚ್ಚಗಿನ ನೀರು ಹಾಕಿ, ಹಿಂಭಾಗ ಮಾತ್ರ ಐದು ನಿಮಿಷ ಇಳಿಸಿ. ಆಮೇಲೆ ಟವೆಲ್‌ನಿಂದ ಉಜ್ಜದೆ ಒತ್ತಿ ಒತ್ತಿ ಒರೆಸಿ. ಟವೆಲ್ ಬದಲಿಸಿ ಮತ್ತೆ ಒತ್ತಿ. ಡ್ರೈಯರ್ ಬಳಸುವುದಾದರೆ ಅತಿ ಕಡಿಮೆ ಶಾಖದಲ್ಲಿಟ್ಟು, ಗಾಳಿ ಮೊದಲು ನಿಮ್ಮ ಅಂಗೈಗೆ ತಾಗುವಂತೆ ಹಿಡಿಯಿರಿ. ತುಪ್ಪಳ ಬಿಡಿಸಿ ಊದಿದಾಗ ಚರ್ಮ ಒಣಗಿ ಕಾಣುವವರೆಗೂ ನಿಲ್ಲಿಸಬೇಡಿ.

ಗಂಟುಕಟ್ಟಿದ ತುಪ್ಪಳಕ್ಕೆ ಕತ್ತರಿ ಹಾಕಲೇಬೇಡಿ. ಗಂಟನ್ನು ಎತ್ತಿದಾಗ ಚರ್ಮವೂ ಡೇರೆಯಂತೆ ಮೇಲೇಳುತ್ತದೆ, ಕತ್ತರಿಗೆ ಎರಡೂ ಒಂದೇ. ಇದು ಪಶುವೈದ್ಯರು ಕ್ಲಿಪ್ಪರ್‌ನಿಂದ ಮಾಡಬೇಕಾದ ಕೆಲಸ. ತೊಡೆಸಂದಿನಲ್ಲಿ ಗುದದ ಎರಡೂ ಪಕ್ಕ ಕಪ್ಪು ಮೇಣದಂಥದ್ದು ಕಂಡರೆ ಹೆದರಬೇಡಿ, ಅದು ವಾಸನೆ ಗ್ರಂಥಿಯ ಸ್ರಾವ. ಒದ್ದೆ ಹತ್ತಿಕಡ್ಡಿಯಿಂದ ಮೆಲ್ಲಗೆ ತೆಗೆದರೆ ಸಾಕು. ನೀವು ಹೇಳುವ ವಾಸನೆಯಲ್ಲಿ ಇದರ ಪಾಲೂ ಇರಬಹುದು.

ಹಿಂಭಾಗವನ್ನು ದಿನಕ್ಕೊಮ್ಮೆ, ನೊಣ ಹೆಚ್ಚಿರುವ ಕಾಲದಲ್ಲಿ ಎರಡು ಬಾರಿ ನೋಡಲೇಬೇಕು. ಗಲೀಜು ಮೆತ್ತಿದ ಮೊಲದ ಮೇಲೆ ನೊಣ ಮೊಟ್ಟೆ ಇಟ್ಟರೆ ಒಂದು ದಿನದೊಳಗೆ ಮರಿಹುಳ ಹೊರಬಂದು ಜೀವಂತ ಮಾಂಸವನ್ನೇ ತಿನ್ನತೊಡಗುತ್ತದೆ. ತುಪ್ಪಳದ ಬುಡದಲ್ಲಿ ಸಣ್ಣ ಅಕ್ಕಿನುಚ್ಚಿನಂಥ ಬಿಳಿ-ಹಳದಿ ಗುಂಪು ಕಂಡರೆ ಅದು ಮೊಟ್ಟೆ. ಹುಳ ಕಂಡರೆ ತೊಳೆಯುತ್ತಾ ಕೂರದೆ, ಬಟ್ಟೆಯಲ್ಲಿ ಸುತ್ತಿಕೊಂಡು ತಕ್ಷಣ ಆಸ್ಪತ್ರೆಗೆ ಓಡಿ. ಉಣ್ಣೆ, ಚಿಗಟಕ್ಕೆಂದು ನಾಯಿಗೆ ಹಚ್ಚುವ ಫಿಪ್ರೋನಿಲ್ ಇರುವ ಔಷಧಿಯನ್ನು ಮೊಲಕ್ಕೆ ಹಾಕಬೇಡಿ, ಅದು ವಿಷ.

ಊಟ ಬದಲಿಸುವುದು ಹೇಗೆ

ಮೊಲ ಹತ್ತು-ಹನ್ನೆರಡು ಗಂಟೆ ಏನೂ ತಿನ್ನದಿದ್ದರೆ ಕರುಳು ನಿಲ್ಲತೊಡಗುತ್ತದೆ. ಬೊಜ್ಜಿನ ಮೊಲ ಉಪವಾಸ ಬಿದ್ದರೆ ಮೈಯ ಕೊಬ್ಬೆಲ್ಲ ಯಕೃತ್ತಿಗೆ ನುಗ್ಗಿ ಅದನ್ನು ಕೆಡಿಸುತ್ತದೆ. ‘ಹಸಿವಾದರೆ ತಿನ್ನುತ್ತದೆ’ ಎಂಬ ಮಾತು ಮೊಲಕ್ಕೆ ಸಲ್ಲದಿರುವುದು ಇದಕ್ಕೇ.

ಬಿಸ್ಕತ್ತು, ಬಾಳೆಹಣ್ಣು, ಕ್ಯಾರೆಟ್ ಈ ದಿನವೇ ನಿಲ್ಲಿಸಬಹುದು, ಅವುಗಳನ್ನು ಒಮ್ಮೆಲೇ ಬಿಟ್ಟರೆ ಅಪಾಯವಿಲ್ಲ. ಬೆರಕೆ ಆಹಾರವನ್ನು ಹಾಗೆ ಮಾಡಬೇಡಿ. ಮೊದಲು ಅದು ದಿನಕ್ಕೆ ನಿಜವಾಗಿ ಎಷ್ಟು ತಿನ್ನುತ್ತಿದೆ ಎಂದು ಎರಡು ದಿನ ತೂಗಿ ಬರೆದಿಡಿ. ಬಳಿಕ ಒಂದೇ ಬಗೆಯ, ಕಾಳು ಬೆರೆಸದ ಪೆಲೆಟ್ ತನ್ನಿ: ಕಚ್ಚಾ ನಾರು 18%ಕ್ಕಿಂತ ಹೆಚ್ಚು, ಪ್ರೋಟೀನ್ 12ರಿಂದ 14%, ಕ್ಯಾಲ್ಸಿಯಂ 1% ಮೀರದಂತೆ. ಹಳೆಯದರ ಕಾಲುಭಾಗ ತೆಗೆದು ಅಷ್ಟೇ ಹೊಸದು ಬೆರೆಸಿ; ನಾಲ್ಕೈದು ದಿನಕ್ಕೊಮ್ಮೆ ಕಾಲುಭಾಗದಂತೆ ಬದಲಿಸಿದರೆ ಮೂರು ವಾರದೊಳಗೆ ಮುಗಿಯುತ್ತದೆ. ಆಮೇಲೆ ಪ್ರಮಾಣ ಇಳಿಸುತ್ತಾ ಬನ್ನಿ. ವಯಸ್ಕ ಮೊಲಕ್ಕೆ ಒಂದು ಕೆಜಿ ಇರಬೇಕಾದ ತೂಕಕ್ಕೆ ದಿನಕ್ಕೆ 25 ಗ್ರಾಂ ಗರಿಷ್ಠ. ನಿಮ್ಮದಕ್ಕೆ ಲೆಕ್ಕ 2.2 ಕೆಜಿಗೆ ಹಾಕಬೇಕು, 2.8ಕ್ಕಲ್ಲ. ಅಂದರೆ 55 ಗ್ರಾಂ ಮೇಲಿನ ಮಿತಿ. ತೂಕ ಇಳಿಯುವವರೆಗೆ 30 ಗ್ರಾಂ ಸಾಕು, ಬೆಳಿಗ್ಗೆ ಅರ್ಧ, ಸಂಜೆ ಅರ್ಧ.

ಒಣಹುಲ್ಲು ಮಾತ್ರ ಅಳತೆಯಿಲ್ಲದೆ ಇರಲಿ. ತಿಮೋತಿ, ಓಟ್ ಹುಲ್ಲು, ಇತರ ಹುಲ್ಲುಜಾತಿಯದು ಯಾವುದಾದರೂ ಸರಿ. ಅಲ್ಫಾಲ್ಫಾ, ಅಂದರೆ ಕುದುರೆ ಮೆಂತೆ, ಹುಲ್ಲಲ್ಲ. ಪ್ರೋಟೀನ್, ಕ್ಯಾಲ್ಸಿಯಂ ಎರಡೂ ಜಾಸ್ತಿ, ಆರು ತಿಂಗಳೊಳಗಿನ ಮರಿಗೆ ಸರಿ, ನಿಮ್ಮ ಮೊಲಕ್ಕೆ ಬೇಡ. ತಂದ ಹುಲ್ಲನ್ನು ಮೊದಲು ನೀವೇ ಮೂಸಿ: ಹಸಿರು ಛಾಯೆ, ಘಮ ಇರಬೇಕು. ಧೂಳೆದ್ದರೆ, ಮುಗ್ಗುಲು ವಾಸನೆ ಬಂದರೆ ಅದನ್ನು ಮೊಲ ಮುಟ್ಟದಿರುವುದೇ ಸರಿ. ಒಂದೇ ಸಲ ರಾಶಿ ಹಾಕುವ ಬದಲು ದಿನಕ್ಕೆ ಮೂರು ಬಾರಿ ಹೊಸ ಹಿಡಿ ಹಾಕಿ. ಮೊಲ ಹಿಕ್ಕೆ ಹಾಕುತ್ತಲೇ ಮೇಯುವ ಪ್ರಾಣಿ, ಹಾಗಾಗಿ ಮಲದ ತಟ್ಟೆಯ ಒಂದು ತುದಿಗೇ ಹುಲ್ಲು ಇಟ್ಟರೆ ಬೇಗ ರೂಢಿಯಾಗುತ್ತದೆ. ಪೆಲೆಟ್ ಕೊಡುವುದಕ್ಕೆ ಎರಡು ಗಂಟೆ ಮೊದಲು ಹುಲ್ಲು ಮಾತ್ರ ಎದುರಿಗಿರಲಿ. ಹೊಟ್ಟೆ ಚುರುಗುಟ್ಟುವ ಆ ಹೊತ್ತಿನಲ್ಲೇ ಅದು ಬಾಯಿ ಹಾಕುವುದು. ಎರಡು ವಾರವಾದರೂ ಮೆತ್ತನೆಯ ಎಲೆ ಮಾತ್ರ ಆಯ್ದು ಕಡ್ಡಿ ಉಗುಳುತ್ತಿದ್ದರೆ, ಗದ್ದ ಜೊಲ್ಲಿನಿಂದ ಒದ್ದೆಯಾಗಿದ್ದರೆ, ಅದು ಹಟವಲ್ಲ, ಹಲ್ಲುನೋವು.

ಸೊಪ್ಪನ್ನು ಮೆದು ಹಿಕ್ಕೆ ಸರಿಹೋಗುವವರೆಗೆ ತಡೆಯಿರಿ. ಬಳಿಕ ಕೊತ್ತಂಬರಿ, ಪುದೀನದಂಥದ್ದನ್ನು ಒಂದೊಂದಾಗಿ, ಮೊದಲ ದಿನ ಎರಡು ಎಸಳು, ಮರುದಿನದ ಹಿಕ್ಕೆ ನೋಡಿ ಹೆಚ್ಚಿಸುತ್ತಾ ಹೋಗಿ. ಈರುಳ್ಳಿ, ಬೆಳ್ಳುಳ್ಳಿ, ಆವಕಾಡೊ, ಚಾಕೊಲೇಟ್ ಯಾವತ್ತೂ ಬೇಡ. ನೀರಿಗೆ ತೊಟ್ಟಿಕ್ಕುವ ಬಾಟಲಿಗಿಂತ ಭಾರವಾದ ಬಟ್ಟಲು ಒಳ್ಳೆಯದು, ಮೊಲ ಅದರಲ್ಲಿ ಹೆಚ್ಚು ಕುಡಿಯುತ್ತದೆ, ಮೂತ್ರದ ಗಸಿಯೂ ತೆಳುವಾಗುತ್ತದೆ. ಗಂಗೆದೊಗಲು ನೆನೆಯುತ್ತಿದ್ದರೆ ಬಟ್ಟಲನ್ನು ಸ್ವಲ್ಪ ಎತ್ತರಕ್ಕಿಡಿ.

ತಟ್ಟೆ ಮೊಲದ ಉದ್ದದ ಒಂದೂವರೆ ಪಟ್ಟಾದರೂ ಇರಲಿ, ಒಂದು ಬದಿಯ ಅಂಚು ತಗ್ಗಾಗಿರಲಿ. ತಳಕ್ಕೆ ಕಾಗದದ ಉಂಡೆ, ಮೇಲೆ ಹುಲ್ಲು. ನೀರು ತಾಗಿದರೆ ಗಟ್ಟಿಯಾಗುವ ಬೆಕ್ಕಿನ ಮಣ್ಣು ಬೇಡ, ಪೈನ್ ಅಥವಾ ದೇವದಾರು ಹೊಟ್ಟೂ ಬೇಡ. ಒದ್ದೆಯಾದ ಭಾಗ ದಿನವೂ ಬದಲಾಗಬೇಕು. ಅಂಟಿದ ಬಿಳಿ ಕಲೆಗೆ ವಿನೆಗರ್ ಸುರಿದು ಹತ್ತು ನಿಮಿಷ ಬಿಟ್ಟು ತೊಳೆದರೆ ಹೋಗುತ್ತದೆ.

ನಿಮ್ಮ ಮುಂದಿರುವ ದಾರಿಗಳು

ಮನೆಯಲ್ಲೇ ಊಟ ಬದಲಿಸಿ ನಾಲ್ಕು ವಾರ ಕಾಯುವುದು ಒಂದು ದಾರಿ. ಊಟವೊಂದೇ ಕಾರಣವಾಗಿದ್ದರೆ ಎರಡು-ಮೂರು ವಾರದಲ್ಲಿ ಮೆದು ಹಿಕ್ಕೆಗೆ ಆಕಾರ ಮರಳುತ್ತದೆ. ಅಪಾಯವೇನೆಂದರೆ, ಹಲ್ಲೋ ಬೆನ್ನೋ ನೋಯುತ್ತಿದ್ದರೆ ಪೆಲೆಟ್ ಇಳಿದಂತೆ ಮೊಲ ಹುಲ್ಲೂ ತಿನ್ನಲಾಗದೆ ಉಪವಾಸ ಬೀಳುತ್ತದೆ. ಹಿಂಭಾಗದ ತುಪ್ಪಳ ಬೋಳಿಸಿಸುವುದು ಇನ್ನೊಂದು. ಗಲೀಜು ಅಂಟುವುದು ತಗ್ಗುತ್ತದೆ, ಆದರೆ ಮೂತ್ರ ನೇರವಾಗಿ ಚರ್ಮ ಸುಡುತ್ತದೆ. ಪಾದ ಒದ್ದೆ ಇರುವ ಮೊಲಕ್ಕೆ ಇದೊಂದೇ ಪರಿಹಾರವಾಗಲಾರದು.

ನಿಮ್ಮ ಮೊಲಕ್ಕೆ ನಾನು ಹೇಳುವುದು ಮೊದಲು ತಪಾಸಣೆ, ಆಮೇಲೆ ಊಟದ ಬದಲಾವಣೆ. ನಾಲ್ಕು ವರ್ಷ, ಇಷ್ಟು ತೂಕ, ಒದ್ದೆ ಪಾದ ಮೂರೂ ಸೇರಿರುವುದರಿಂದ ಬಾಯಿಯ ಹಿಂಭಾಗವನ್ನು ಉಪಕರಣ ಹಾಕಿ ನೋಡುವುದು, ಬೆನ್ನು-ಸೊಂಟ-ಮೂತ್ರಕೋಶ ಕಾಣುವಂತೆ ಎಕ್ಸ್-ರೇ ತೆಗೆಯುವುದು ಎರಡನ್ನೂ ಕೇಳಿ. ದವಡೆ ಹಲ್ಲು ಪೂರ್ತಿ ಕಾಣಲು ಕೆಲವೊಮ್ಮೆ ಅರಿವಳಿಕೆ ಬೇಕಾಗುತ್ತದೆ, ಅದರಲ್ಲಿ ಬೊಜ್ಜಿನ ಮೊಲಕ್ಕೆ ಅಪಾಯ ಸ್ವಲ್ಪ ಹೆಚ್ಚು. ಮೊಲಗಳನ್ನು ನೋಡಿ ಅಭ್ಯಾಸವಿರುವ ವೈದ್ಯರನ್ನೇ ಹುಡುಕಿ. ಅರಿವಳಿಕೆಗೆ ಮುನ್ನ ಮೊಲವನ್ನು ಹಸಿದಿರಿಸುವ ಅಗತ್ಯವಿಲ್ಲ. ಕೀಲುನೋವು ಕಂಡರೆ ವೈದ್ಯರು ಮೆಲಾಕ್ಸಿಕಾಂನಂಥ ಔಷಧಿಯನ್ನು ತೂಕಕ್ಕೆ ತಕ್ಕಂತೆ ಕೊಡುತ್ತಾರೆ. ಎರಡು ವಾರದಲ್ಲಿ ಮೊಲ ಮತ್ತೆ ಬಗ್ಗಿ ನೆಕ್ಕಿಕೊಳ್ಳತೊಡಗಿದರೆ ಕಾರಣ ಗೊತ್ತಾದಂತೆಯೇ. ಮನುಷ್ಯರ ನೋವಿನ ಮಾತ್ರೆ ಕೊಡಬೇಡಿ.

ತೂಕ ವಾರಕ್ಕೊಮ್ಮೆ ಒಂದೇ ಹೊತ್ತಿನಲ್ಲಿ ತೂಗಿ. ವಾರಕ್ಕೆ 30ರಿಂದ 50 ಗ್ರಾಂ ಇಳಿದರೆ ಸರಿ. 100 ಗ್ರಾಂ ಇಳಿದರೆ ಅವಸರವಾಯಿತು, ಪೆಲೆಟ್ ಹತ್ತು ಗ್ರಾಂ ಹೆಚ್ಚಿಸಿ ವೈದ್ಯರಿಗೆ ಹೇಳಿ. 2.2ಕ್ಕೆ ಬರಲು ನಾಲ್ಕೈದು ತಿಂಗಳು ಹಿಡಿಯಬಹುದು. ಈ ಮಧ್ಯೆ ಯಾವ ದಿನವಾದರೂ ಹಿಕ್ಕೆ ಪೂರ್ತಿ ನಿಂತರೆ, ಮೊಲ ಮುದುಡಿ ಕೂತು ಹಲ್ಲು ಕಡಿಯುತ್ತಿದ್ದರೆ, ಕಿವಿ ತಣ್ಣಗಿದ್ದರೆ ಬೆಳಗಾಗಲಿ ಎಂದು ಕಾಯಬೇಡಿ.

ವೈದ್ಯರಲ್ಲಿಗೆ ಹೋಗುವಾಗ ರಾತ್ರಿಯ ಮತ್ತು ಬೆಳಗಿನ ಹಿಕ್ಕೆಯನ್ನು ಬೇರೆ ಬೇರೆ ಡಬ್ಬಿಯಲ್ಲಿ, ಈಗ ಕೊಡುತ್ತಿರುವ ಆಹಾರದ ಚೀಟಿಯ ಫೋಟೋ, ಮೊಲ ಮೂತ್ರ ಮಾಡುವಾಗ ಮತ್ತು ಮೈ ನೆಕ್ಕಲು ಹೊರಟಾಗ ತೆಗೆದ ಒಂದು ನಿಮಿಷದ ವಿಡಿಯೊ ಒಯ್ಯಿರಿ. ಆಸ್ಪತ್ರೆಯ ಮೇಜಿನ ಮೇಲೆ ಹೆದರಿದ ಮೊಲ ತನ್ನ ನೋವನ್ನು ಬಚ್ಚಿಟ್ಟುಕೊಳ್ಳುತ್ತದೆ. ಮನೆಯ ಆ ವಿಡಿಯೊದಲ್ಲಿ ಅದು ಕಾಣುತ್ತದೆ.